ಪಾದ್ರಿಗಳ ಹೊನ್ನಾರು

ಗಂಡ ಹುಟ್ಟಿದ ದಿನವನ್ನು ನೆರೆಮನೆಯವರಿಗೆ ಹೇಳಬಾರದೆಂದು ಸತ್ಯವೇದದಲ್ಲಿ ಎಲ್ಲೂ ಬರೆದಿಲ್ಲ. ಬರೆದಿದ್ದರೆ ಜ್ಞಾನಮ್ಮನವರು ಬಾಯಿ ಮುಚ್ಚಿಕೊಂಡಿರುತ್ತಿದ್ದರು (ಅದೂ ಅನುಮಾನವೇ). ಬಾವಿಕಟ್ಟೆಯಲ್ಲಿ ನೆರೆಮನೆಯ ಮಂಚಮ್ಮನ ಮುಂದೆ, "ನಮ್ಮ ಅಯ್ಯರು ಹುಟ್ಟಿದ್ದು ಕಾರ್ತಿಕ ದೀಪದ ದಿನ, ಕೃತ್ತಿಕಾ ನಕ್ಷತ್ರ!" ಎಂದು ಜಂಬ ಕೊಚ್ಚಿದ್ದರು.

ಅವರ ಅಯ್ಯರು, ಸ್ವಾಮಿದಾಸ ಪಾದ್ರಿಗಳು, ತಿರುನೆಲ್ವೇಲಿಯಿಂದ ಬಂದು ಹೊಳಲಿನ ಪಕ್ಕದ ಈ ಹಳ್ಳಿಯಲ್ಲಿ ನೆಲೆಸಿ ಆರು ವರ್ಷವಾಗಿತ್ತು. ಅವರ ಸಾಧನೆ ಹನ್ನೊಂದು ವಿಶ್ವಾಸಿಗಳು (ಐವರು ಸ್ವಂತ ಮಕ್ಕಳು). ಜ್ಞಾನಮ್ಮನವರ ಸಾಧನೆ ನಾಲೆ ನೀರು ಹರಿಯುವ ಹಿತ್ತಲು, ನುಗ್ಗೆಮರ, ಎರಡು ಎಮ್ಮೆ. ಇದನ್ನೆಲ್ಲ ಬಿಟ್ಟು ವರ್ಗವಾಗಿ ಹೋಗುವುದನ್ನು ನೆನೆದರೇ ಆಕೆಗೆ ಎದೆ ಧಸಕ್ಕೆನ್ನುತ್ತಿತ್ತು.

ಯುಗಾದಿಯ ಬೆಳಿಗ್ಗೆ ಪಟೇಲ ದೊಡ್ಡಬೀರಯ್ಯ ಊರನ್ನೇ ಕಟ್ಟಿಕೊಂಡು ಬಂದ. ಅಂದು ಹೊನ್ನಾರು, ವರ್ಷದ ಮೊದಲ ಉಳುಮೆ.

"ಬುದ್ದೀ, ಪಂಚಾಂಗ ಕೇಳ್ಸುದೊ. ಈ ವರ್ಸ ಕೃತ್ತಿಕೆ ನಕ್ಸತ್ರದೋರೇ ನೇಗ್ಲು ಇಡೀಬೇಕಂತೆ. ನಿಂಗಯ್ಯ ಒಬ್ಬ ಅವ್ನೆ, ಅವನ್ಗೆ ಸೂತ್ಕ. ಇನ್ನುಳ್ದೋರು ನೀವೇಯ!"

"ನಾನು ಕ್ರೈಸ್ತ ಕಣಯ್ಯಾ!"

"ಇರ್ಲಿ ಬುಡಿ, ಎತ್ತೇನೂ ಅನ್ಕಳಾಕಿಲ್ಲ."

ಪಾದ್ರಿಗಳು ಬೆವರಿದರು. ಅಂದೇ ಮೈಸೂರಿನಿಂದ ಬಿಳಿಯ ದೊಡ್ಡ ಪಾದ್ರಿ ತನಿಖೆಗೆ ಬರುವವರಿದ್ದರು. ಹೂ ಮುಡಿದ ಎತ್ತುಗಳ ಹಿಂದೆ ತಮ್ಮನ್ನು ಕಂಡರೆ ವರ್ಗ ಖಂಡಿತ. ಒಲ್ಲೆನೆಂದರೆ ಊರೇ ತಿರುಗಿ ಬೀಳುತ್ತದೆ. ಜ್ಞಾನಮ್ಮನವರು ಗಂಡನನ್ನು ಒಳಗೆಳೆದುಕೊಂಡರು.

"ಜ್ವರ ಅಂತ ಮಲಗಿಬಿಡಿ."

"ಸುಳ್ಳು ಹೇಳೋದೇ? ನಾನು ಪಾದ್ರಿ ಕಣೇ!"

"ನೀವು ಮಲಗಿ. ಹೇಳೋದು ನಾನು."

ಮಲಗಿಸಿ, ಎರಡು ಕಂಬಳಿ ಹೊದಿಸಿ ಹೊರಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಊರವರು ತಲೆಯ ಮೇಲೆ ಕೈ ಹೊತ್ತರು. ಅಷ್ಟರಲ್ಲಿ ದೊಡ್ಡ ಪಾದ್ರಿಯ ಜಟಕಾ ಬಂತು (ಯುದ್ಧಕಾಲ, ಮೋಟಾರಿಗೆ ಪೆಟ್ರೋಲಿಲ್ಲ). ಎಲ್ಲವನ್ನೂ ಕೇಳಿದ ಆ ಬಿಳಿ ದೊರೆ ಕೋಟು ಕಳಚಿ, "ನಮ್ಮ ತಂದೆಯೂ ರೈತರೇ. ನಾನು ಹಿಡಿಯಲೇ?" ಎಂದರು!

"ಇವ್ರ ನಕ್ಸತ್ರ ಯಾವ್ದೊ?" ಎಂದು ಯಾರೋ ಗೊಣಗಿದರು.

"ಪಾದ್ರಿಗೋಳ ಪರ್ವಾಗಿ ಇಡೀಲಿ ಸುಮ್ಕಿರ್ಲಾ," ಎಂದ ದೊಡ್ಡಬೀರಯ್ಯ.

ದೊರೆ ಮೂರು ಸಾಲು ಉತ್ತರು. ಎತ್ತುಗಳಿಗೆ ಕುಂಕುಮವಿಟ್ಟ ಮಂಚಮ್ಮ ಅದೇ ಕೈಯಲ್ಲಿ ದೊರೆಯ ಹಣೆಗೂ ಒಂದು ಬೊಟ್ಟು ಒತ್ತಿದಳು. ದೊರೆ ನಕ್ಕರು. ಜ್ಞಾನಮ್ಮನವರ ಹೊಟ್ಟೆ ತಣ್ಣಗಾಯಿತು.

ದೊರೆ ಬೊಟ್ಟಿನ ಸಮೇತ ಒಳಗೆ ಬಂದು ರೋಗಿಯ ಹಣೆ ಮುಟ್ಟಿದರು. ಯುಗಾದಿಯ ಬಿಸಿಲಲ್ಲಿ ಎರಡು ಕಂಬಳಿ ಹೊದ್ದ ಮೈ ಕಾದ ಹೆಂಚಾಗಿತ್ತು.

"ಅಯ್ಯೋ, ನಾಲೆ ಬಂದಾಗಿನಿಂದ ಈ ಸೀಮೆಗೇ ಚಳಿಜ್ವರ! ನಿಮ್ಮನ್ನು ಇಲ್ಲಿಟ್ಟ ಪಾಪ ನನ್ನದು. ನೀರೇ ಇಲ್ಲದ ಒಂದು ಒಣ ಊರಿದೆ, ಅಲ್ಲಿ ಸೊಳ್ಳೆಯ ಕಾಟವಿಲ್ಲ. ಮುಂದಿನ ವಾರ ಹೊರಡಿ."

ಪಾದ್ರಿಗಳು ಕಂಬಳಿ ಕಿತ್ತೊಗೆದು ಎದ್ದು ಕೂತರು. "ದೇವರಾಣೆಗೂ ನನಗೆ ಜ್ವರವಿಲ್ಲ ಅಯ್ಯಾ! ನಿಜ ಹೇಳ್ತೀನಿ, ನಾನು ಕೃತ್ತಿಕಾ ನಕ್ಷತ್ರ, ಅದಕ್ಕೇ ಮಲಗಿದೆ!"

ದೊರೆ ಮರುಕದಿಂದ ಜ್ಞಾನಮ್ಮನವರ ಕಡೆ ತಿರುಗಿದರು.

"ಜ್ವರ ನೆತ್ತಿಗೇರಿದೆಯಮ್ಮಾ. ನಾಳೆಯೇ ಹೊರಡಿ."