ಬೇಡ ಬೇಡ ಅಂದವರಿಗೊಂದು ಕೆಲಸ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಕೆಲಸ ಇರುವವನು ಒಂಬತ್ತಕ್ಕೆ ಬರುತ್ತಾನೆ, ಕೆಲಸ ಇಲ್ಲದವನು ಎಂಟಕ್ಕೇ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಕೆಲಸ ಸಿಕ್ಕಿದವನು ಮತ್ತೆ ಆ ಕಡೆ ತಲೆ ಹಾಕುವುದೇ ಇಲ್ಲ. ಏನದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರಲ್ಲ. ಅದು ನಮ್ಮ ಜಾಬ್ ಸೆಂಟರು. ಇಲ್ಲಿ ಅಮೆರಿಕದಲ್ಲಿ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಉದ್ಯೋಗ ಮಂಡಳಿಯವರು ನಡೆಸುವ ಜಾಗ. ಕೆಲಸ ಬೇಕಾದವರಿಗೆ ಕೆಲಸ ಹುಡುಕಿಕೊಡ್ತಾರೆ, ಜನ ಬೇಕಾದ ಕಂಪನಿಗೆ ಜನ ಹುಡುಕಿಕೊಡ್ತಾರೆ, ಎರಡೂ ಕಡೆಯಿಂದ ಒಂದು ಕಾಸೂ ತಗೊಳ್ಳಲ್ಲ. ಅಂಥ ಕಡೆ ದಿನಾ ಏನಾದರೊಂದು ಎಡವಟ್ಟು ಆಗದೆ ಇರುತ್ತಾ? ಆಗುತ್ತೆ. ಆಗದ ದಿನ ನಾನು ಮಾಡ್ತೀನಿ.

ನಾನು ಅಲ್ಲಿ ಮುಂದಿನ ಮೇಜಿನಲ್ಲಿ ಕೂರುವ ಹುಡುಗ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟೆ ಅಂತ ನಮ್ಮ ಮನೆಯಲ್ಲಿ ಹೇಳ್ತಾರೆ. ಸ್ಕೂಲಿನವರು ಆ ಕಥೆಯನ್ನು ಬೇರೆ ಥರ ಹೇಳ್ತಾರೆ. ಓದು ಬಿಟ್ಟ ಹುಡುಗರಿಗೂ ಮಂಡಳಿಯಲ್ಲಿ ಒಂದು ಸ್ಕೀಮು ಇದೆ. ಬೆಳಿಗ್ಗೆ ಅಲ್ಲೇ ಕೂತು ಹೈಸ್ಕೂಲಿನ ಪರೀಕ್ಷೆಗೆ ಓದಬೇಕು, ಮಧ್ಯಾಹ್ನ ಮೇಜಿನಲ್ಲಿ ಕೂತು ಬಂದವರನ್ನು ಒಳಗೆ ಕಳಿಸಬೇಕು. ನನ್ನ ಮೇಲೆ ಒಬ್ಬ ಕೌನ್ಸೆಲರ್ ಮೇಡಂ. ಐವತ್ತು ದಾಟಿದ ಅಮೆರಿಕನ್ ಹೆಂಗಸು, ಕನ್ನಡಕಕ್ಕೆ ಮಣಿಸರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರ್ತಾರೆ. ನನ್ನನ್ನು ನೋಡುವಾಗ ಮಾತ್ರ ಅದನ್ನು ಮೂಗಿಗೆ ಏರಿಸ್ತಾರೆ. ಅವರ ಜೊತೆ ಮಾತೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿ ನಾನೇ ಕನ್ನಡ ಮಾಡಿ ಹಾಕಿದ್ದೀನಿ.

೧. ಬೋರ್ಡು ಬದಲಾದ ದಿನ

ನಾನು ಸೇರಿದ ಹೊಸದರಲ್ಲಿ ಡಾಟ್‌ಕಾಮ್ ಕಂಪನಿಗಳು ಹುಚ್ಚೆದ್ದು ಕುಣೀತಿದ್ದವು. ಸೆಂಟರಿಗೆ ಕೆಲಸ ಹುಡುಕುವವರಿಗಿಂತ ಕೆಲಸಗಾರರನ್ನು ಹುಡುಕುವ ಮ್ಯಾನೇಜರುಗಳೇ ಜಾಸ್ತಿ ಬರ್ತಿದ್ದರು. ಪಕ್ಕದ ಕಟ್ಟಡಕ್ಕೆ ದಾರಿ ಕೇಳೋಕೆ ಬಂದವನನ್ನೂ 'ಕಂಪ್ಯೂಟರ್ ಬರುತ್ತಾ?' ಅಂತ ಕೇಳಿ ಕೈಗೊಂದು ಕಂಪನಿ ಟೀಶರ್ಟು ಕೊಡ್ತಿದ್ದರು.

ಎರಡು ಬಾಗಿಲು. ಒಂದರ ಮೇಲೆ 'ಕೆಲಸ ಕೊಡುವವರು', ಇನ್ನೊಂದರ ಮೇಲೆ 'ಕೆಲಸ ಹುಡುಕುವವರು' ಅಂತ ಬೋರ್ಡು. ಒಂದು ದಿನ ಊಟದ ಹೊತ್ತಿಗೆ ನನ್ನ ಕೈ ಸುಮ್ಮನಿರಲಿಲ್ಲ. ಎರಡನ್ನೂ ಅದಲುಬದಲು ಮಾಡಿ ಇಟ್ಟೆ.

ಸಂಜೆವರೆಗೂ ಯಾರಿಗೂ ಗೊತ್ತಾಗಲಿಲ್ಲ. ಎರಡೂ ಕಡೆಯವರು ಟೈ ಕಟ್ಟಿದ್ದರು, ಎರಡೂ ಕಡೆಯವರ ಮುಖದಲ್ಲಿ ಒಂದೇ ಥರ ಗಾಬರಿ. ಜನ ಬೇಕು ಅಂತ ಬಂದಿದ್ದ ಸ್ಯಾನ್ ಹೊಸೆಯ ಒಬ್ಬ ಮ್ಯಾನೇಜರು 'ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕು' ಅನ್ನುವ ಕ್ಲಾಸಿನಲ್ಲಿ ಪೂರ್ತಿ ಕೂತು, ಬೆನ್ನು ನೆಟ್ಟಗೆ ಮಾಡಿ, ಕೈ ಕುಲುಕುವುದನ್ನು ಅಭ್ಯಾಸ ಮಾಡಿ, ಹೋಗುವಾಗ ಮೇಡಂಗೆ ಥ್ಯಾಂಕ್ಸ್ ಹೇಳಿ ಹೋದ.

ಮೇಡಂ ಕನ್ನಡಕ ಮೂಗಿಗೇರಿಸಿ ಅಂದರು: "ಇನ್ನೊಂದೇ ಒಂದು ಕಿತಾಪತಿ ಮಾಡು, ನೀನೂ ಹೋಗಿ ಆ ಕ್ಲಾಸಿನಲ್ಲೇ ಕೂರಬೇಕಾಗುತ್ತೆ."

ಮುಂದಿನ ವರ್ಷ ಡಾಟ್‌ಕಾಮ್‌ಗಳು ಒಂದೊಂದಾಗಿ ಮಗುಚಿಕೊಂಡವು. ಒಂದು ಬೆಳಿಗ್ಗೆ ಅದೇ ಮ್ಯಾನೇಜರು ಎಂಟಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದ. ಸೀದಾ ಹೋಗಿ ಅದೇ ಕ್ಲಾಸಿನ ಅದೇ ಕುರ್ಚಿಯಲ್ಲಿ ಕೂತ. ಆ ದಿನ ನಾನು ಬೋರ್ಡು ಮುಟ್ಟಿರಲಿಲ್ಲ, ನಮ್ಮಮ್ಮನ ಆಣೆ.

೨. ನಮ್ಮ ಮನೆಯ ಗಿರಾಕಿ

ನಗ್ತಾ ಇದ್ದೆ ನಾನು. ಅದರ ಹಿಂದಿನ ವಾರವೇ ನಮ್ಮಪ್ಪನ ಕಂಪನಿಯೂ ಮುಚ್ಚಿತ್ತು ಅನ್ನುವುದು ನನಗಾಗಲೀ ಅಮ್ಮನಿಗಾಗಲೀ ಗೊತ್ತಿರಲಿಲ್ಲ. ನೆಟ್ಟಿನಲ್ಲಿ ಹಾಸಿಗೆ ದಿಂಬು ಮಾರುವ ಕಂಪನಿ ಅದು. ಅಪ್ಪ ಅಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದರು. ಗೊತ್ತಾದ ರಾತ್ರಿ ಅಮ್ಮ ಹೆಚ್ಚು ಮಾತಾಡಲಿಲ್ಲ. "ಬಾಡಿಗೆ ಲೀಸು ಮುಗಿಯೋದರೊಳಗೆ ಕೆಲಸ ಸಿಗದಿದ್ದರೆ ಅಪಾರ್ಟ್‌ಮೆಂಟು ಬಿಟ್ಟು ಒಹಾಯೋಗೆ ಹೋಗಬೇಕು, ನಿಮ್ಮ ದೊಡ್ಡಪ್ಪನ ಮನೆ ಕೆಳಗಿನ ಬೇಸ್‌ಮೆಂಟಿಗೆ" ಅಂದಳು, ಅಷ್ಟೇ. ದೊಡ್ಡಪ್ಪ ಬೆಳಗಿನ ಜಾವ ಎದ್ದು ಶಂಖ ಊದುವ ಮನುಷ್ಯ. ಬೇಸ್‌ಮೆಂಟಿನಲ್ಲಿ ಕಿಟಕಿ ಇಲ್ಲ. ಶಂಖದ ಶಬ್ದ ಹೊರಗೆ ಹೋಗೋಕೂ ದಾರಿ ಇಲ್ಲ.

ಮಾರನೇ ದಿನ ಅಪ್ಪ ಸೆಂಟರಿಗೇ ಬಂದರು. ಸಾಲಿನಲ್ಲಿ ನಿಂತು ನನ್ನ ಮೇಜಿನ ಮುಂದೆ ಬಂದಾಗ ನನ್ನನ್ನು ಕಂಡೇ ಇಲ್ಲ ಅನ್ನೋ ಹಾಗೆ ಗೋಡೆ ನೋಡಿದರು. ಹಿಂದೆ ಮೇಡಂ ನಿಂತಿದ್ದಾರೆ. ಯಾರೇ ಬರಲಿ, ಎಲ್ಲಾ ಪ್ರಶ್ನೆ ಕೇಳಲೇಬೇಕು ಅಂತ ರೂಲು.

"ನಿಮ್ಮ ಹೆಸರು?" ಅಂದೆ.

"ಗೊತ್ತಿಲ್ವೇನೋ ನಿನಗೆ?" ಅಂತ ಹಲ್ಲು ಕಚ್ಚಿ ಕನ್ನಡದಲ್ಲಿ ಪಿಸುಗುಟ್ಟಿದರು.

"ಕೇಳಲೇಬೇಕಪ್ಪಾ, ರೂಲು. ಮನೇಲಿ ಎಷ್ಟು ಜನ?"

"ಮೂರು. ನಾನು, ಹೆಂಡತಿ, ಒಬ್ಬ ಮಗ."

"ಮಗ ಓದ್ತಾ ಇದ್ದಾನಾ?"

ಅಪ್ಪ ಆಗ ಮೊದಲ ಸಲ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಓದಿದ್ದಿದ್ದರೆ ಇಲ್ಲಿ ಕೂತು ಅಪ್ಪನ ಹೆಸರು ಕೇಳ್ತಿದ್ನಾ?"

೩. ಗುಣ ಮತ್ತು ದೋಷ

ಮೇಡಂ ಅಪ್ಪನಿಗೆ ಸುಳ್ಳು ಇಂಟರ್‌ವ್ಯೂ ಮಾಡಿಸಿದರು, ಅಭ್ಯಾಸಕ್ಕೆ. ಮ್ಯಾನೇಜರ್ ಪಾತ್ರ ಯಾರದ್ದು? ನಂದೇ. ಕಾಲ ಮೇಲೆ ಕಾಲು ಹಾಕಿ ಕೂತೆ. ಜೀವನದಲ್ಲಿ ಅಂಥ ಸಮಯ ಎಷ್ಟು ಸಲ ಬರುತ್ತೆ, ಹೇಳಿ.

"ನಿಮ್ಮ ಒಳ್ಳೆಯ ಗುಣ ಏನು?" ಅಂತ ಕೇಳಿದೆ.

ಅಪ್ಪ ಮೈಸೂರಿನವರು. ಅವರ ಮನೆಯಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದು ಬೀದಿಯಲ್ಲಿ ಉಗುಳಿದಷ್ಟೇ ಅಸಹ್ಯ. "ಅದನ್ನ ನಾನೇ ಹೇಳಿಕೊಂಡರೆ ಚೆನ್ನಾಗಿರಲ್ಲ. ಬೇರೆಯವರನ್ನ ಕೇಳಿ" ಅಂದರು.

ಮೇಡಂ ತಲೆ ಚಚ್ಚಿಕೊಂಡರು. "ಸರಿ, ಮುಂದಿನದು ಕೇಳು."

"ನಿಮ್ಮ ದೋಷ ಏನು?"

ಅಪ್ಪನ ಮುಖ ಅರಳಿತು. "ಹ್ಞಾಂ, ಅದನ್ನ ಹೇಳಬಹುದು. ನಿಧಾನ ಜಾಸ್ತಿ. ಹೆಸರು ಮರೀತೀನಿ. ಮೀಟಿಂಗಲ್ಲಿ ನಿದ್ದೆ ಬರುತ್ತೆ. ಫ್ರೀವೇಯಲ್ಲಿ ಕೆಳಗಿಳಿಯೋ ಎಕ್ಸಿಟ್ ತಪ್ಪಿಸ್ತೀನಿ. ಸಿಟ್ಟು ಬರೋದಿಲ್ಲ, ಬಂದರೆ ಹೋಗೋದಿಲ್ಲ…"

ಕ್ಲಾಸಿನ ಟೈಮು ಮುಗಿಯಿತು, ದೋಷ ಮುಗಿಯಲಿಲ್ಲ. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು, "ಇಷ್ಟೆಲ್ಲ ನಿಮಗೆ ಹೇಗೆ ಗೊತ್ತಾಯ್ತು?"

"ಮದುವೆಯಾಗಿ ಹದಿನೆಂಟು ವರ್ಷ ಆಯ್ತಲ್ಲ" ಅಂದರು ಅಪ್ಪ.

೪. ಗಾಜಿನ ಆಚೆ

ಕಡೆಗೊಂದು ದಿನ ಮೇಡಂ ಮೆನ್ಲೋ ಪಾರ್ಕಿನ ಒಂದು ಕಂಪನಿಯ ಮ್ಯಾನೇಜರನ್ನು ಸೆಂಟರಿಗೇ ಕರೆಸಿದರು. ಆತನಿಗೆ ಟೆಸ್ಟಿಂಗ್ ಗೊತ್ತಿರುವ ಒಬ್ಬರು ತುರ್ತಾಗಿ ಬೇಕಾಗಿತ್ತು. ಲೀಸು ಮುಗಿಯುತ್ತಾ ಬಂದಿತ್ತು. ಅಮ್ಮ ಆಗಲೇ ರಟ್ಟಿನ ಡಬ್ಬಗಳನ್ನು ತಂದು ಹಾಲಿನಲ್ಲಿ ಜೋಡಿಸಿದ್ದಳು.

ಗಾಜಿನ ಕೋಣೆಯಲ್ಲಿ ಅಪ್ಪ ಮತ್ತು ಮ್ಯಾನೇಜರು. ನಾನು ಹೊರಗೆ. ಮಾತು ಕೇಳಿಸಲ್ಲ, ಬಾಯಿ ಆಡೋದು ಮಾತ್ರ ಕಾಣುತ್ತೆ. ಅಪ್ಪ ಬಿಳಿ ಬೋರ್ಡಿನ ಮೇಲೆ ಏನೋ ಬರೆದರು. ಮ್ಯಾನೇಜರು ಎದ್ದು ಹತ್ತಿರ ಬಂದು ನೋಡಿದ, ತಲೆದೂಗಿದ, ನಕ್ಕ. ಕಡೆಗೆ ಆತ ಏನೋ ಕೇಳಿದ. ಅಪ್ಪ ಎರಡೂ ಕೈ ಆಡಿಸಿ ನಾಚಿಕೊಂಡರು. ಆತ ಕೈ ಕುಲುಕಿ ಹೊರಟುಹೋದ.

ಸ್ಯಾನ್ ರಮೋನಿನ ನಮ್ಮ ಮನೆಗೆ ವಾಪಸು ಬರುವಾಗ ಅಪ್ಪ ಕಾರಿನಲ್ಲಿ ಶಿಳ್ಳೆ ಹೊಡೀತಿದ್ದರು.

"ಏನಾಯ್ತಪ್ಪಾ?"

"ಆಯ್ತು ಕಣೋ! ಬಂದು ಸೇರ್ಕೊಳ್ತೀರಾ ಅಂತ ಕೇಳೇಬಿಟ್ಟ."

"ನೀವೇನಂದ್ರಿ?"

"ಅಯ್ಯೋ ಬೇಡ ಸಾರ್, ನನಗೋಸ್ಕರ ಯಾಕೆ ತೊಂದರೆ ತಗೊಳ್ತೀರಿ ಅಂದೆ."

"ಬೇಡ ಅಂದ್ರಾ? ಯಾಕೆ?"

"ಮೊದಲ ಸಲ ಕೇಳಿದ ತಕ್ಷಣ ಹೂಂ ಅನ್ನೋಕಾಗುತ್ತೇನೋ? ಆಸೆಬುರುಕ ಅಂದ್ಕೊಳ್ಳಲ್ವಾ? ಇನ್ನೆರಡು ಸಲ ಕೇಳ್ತಾನೆ ಬಿಡು, ಮರ್ಯಾದಸ್ಥ."

ಆ ಸಂತೋಷದಲ್ಲಿ ಎಕ್ಸಿಟ್ಟೂ ತಪ್ಪಿಸಿದರು.

ಮನೆಯಲ್ಲಿ ವಿಷಯ ಕೇಳಿ ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ರೀ, ನನ್ನ ನೋಡೋಕೆ ಬಂದಾಗ್ಲೂ ನೀವು ಉಪ್ಪಿಟ್ಟು ಬೇಡ, ಕಾಫಿ ಬೇಡ, ಕೂರೋಕೆ ಕುರ್ಚೀನೂ ಬೇಡ ಅಂದವರು. ನಮ್ಮಪ್ಪ ಪುಣ್ಯಾತ್ಮ, ಪ್ರತಿಯೊಂದಕ್ಕೂ ಮೂರು ಸಲ ಕೇಳಿದರು. ಅದಕ್ಕೆ ಇವನು ಹುಟ್ಟಿದ್ದು!"

೫. ಡೋನಟ್ ಪರೀಕ್ಷೆ

ಮಾರನೇ ದಿನ ನಾನು ಎಂಟಕ್ಕೇ ಹೋಗಿ ಬಾಗಿಲಲ್ಲಿ ನಿಂತೆ. ಮೇಡಂ ಬಂದ ಕೂಡಲೇ ಎಲ್ಲಾ ಹೇಳಿದೆ. ಅಪ್ಪ ಬೇಡ ಅಂದಿದ್ದರ ಅರ್ಥ ಬೇಕು ಅಂತ, ಇನ್ನೆರಡು ಸಲ ಕೇಳಿದರೆ ಸರಿಹೋಗುತ್ತೆ ಅಂತ.

ಕನ್ನಡಕ ಮೂಗಿಗೇರಿತು. "ಬೋರ್ಡು ಬದಲಾಯಿಸಿದವನು ನೀನೇ ಅಲ್ವಾ? ನಿನ್ನ ಮಾತು ಕೇಳಿ ನಾನು ಕಂಪನಿಗೆ ಫೋನ್ ಮಾಡಬೇಕಾ? ಆತ ಬೇರೆಯವರನ್ನು ನೋಡ್ತೀನಿ ಅಂತ ನಿನ್ನೆಯೇ ಹೇಳಿಯಾಯ್ತು. ಸಂಜೆಯೊಳಗೆ ಇನ್ನೊಬ್ಬರು ಬರ್ತಾರೆ."

ಸುಳ್ಳು ಹೇಳಿದಾಗೆಲ್ಲ ಎಲ್ಲರೂ ನಂಬಿದ್ದರು. ಸತ್ಯ ಹೇಳಿದ್ದು ಅದೇ ಮೊದಲು, ಮೇಡಂ ನಂಬಲಿಲ್ಲ. ಕಿವಿಯೊಳಗೆ ಆಗಲೇ ದೊಡ್ಡಪ್ಪನ ಶಂಖ ಊದೋಕೆ ಶುರುವಾಯಿತು.

ಅಷ್ಟರಲ್ಲಿ ಅಪ್ಪ ಬಂದು ಬೆಂಚಿನ ಮೇಲೆ ಕೂತರು. ಅಮ್ಮನ ಮೇಲೆ ಮುನಿಸಿಕೊಂಡು ತಿಂಡಿ ತಿಂದಿರಲಿಲ್ಲ. ಮೇಜಿನ ಮೇಲೆ ಡೋನಟ್ ಡಬ್ಬ ಇತ್ತು.

"ಮೇಡಂ, ಇದನ್ನು ತಗೊಂಡು ಹೋಗಿ ಕೇಳಿ ನೋಡಿ. ಮೂರನೇ ಸಲಕ್ಕೆ ತಗೊಳ್ಳದಿದ್ದರೆ ನನ್ನನ್ನು ಈ ಕೆಲಸದಿಂದ ತೆಗೆದುಬಿಡಿ."

ಮೇಡಂ ಹೋದರು. "ಡೋನಟ್ ತಗೊಳ್ಳಿ."

"ನೋ ನೋ, ಈಗ ತಾನೇ ತಿಂಡಿ ಆಯ್ತು" ಅಂದರು ಅಪ್ಪ.

ಮೇಡಂ ನನ್ನ ಕಡೆ ತಿರುಗಿದರು. ನಾನು ಎರಡು ಬೆರಳು ತೋರಿಸಿದೆ.

"ಒಂದೇ ಒಂದು ತಗೊಳ್ಳಿ."

"ಛೆ ಛೆ, ನಿಮಗ್ಯಾಕೆ ತೊಂದರೆ."

ಮೇಡಂ ಡಬ್ಬ ಮುಚ್ಚಿಬಿಟ್ಟರು! ಅಪ್ಪನ ಕಣ್ಣು ಆ ಮುಚ್ಚಳದ ಮೇಲೆ ನೆಟ್ಟಿದ್ದನ್ನು ಮೇಡಂ ಕಂಡರೋ ಏನೋ, ಮತ್ತೆ ತೆಗೆದು, "ಪ್ಲೀಸ್" ಅಂದರು.

"ಅಯ್ಯೋ, ನೀವು ಇಷ್ಟು ಬಲವಂತ ಮಾಡ್ತಿರೋದಕ್ಕೆ" ಅಂತ ಅಪ್ಪ ಎರಡು ತಗೊಂಡರು.

ಮೇಡಂ ಓಡಿಬಂದು ಮೆನ್ಲೋ ಪಾರ್ಕಿಗೆ ಫೋನು ಹಚ್ಚಿದರು. ಆ ಕಡೆಯಿಂದ ಮ್ಯಾನೇಜರು, "ಅವರು ನಿನ್ನೆಯೇ ಬೇಡ ಅಂದರಲ್ಲ" ಅಂದ.

"ಅವರು ಬೇಡ ಅಂದಿಲ್ಲ, ಸರ್. ಈಗಷ್ಟೇ ಶುರು ಮಾಡಿದ್ದಾರೆ. ನೀವು ಅರ್ಧಕ್ಕೇ ಎದ್ದು ಹೋಗಿದ್ದೀರಿ."

೬. ಮೂರು ಹೂಂ

ಎರಡು ಕಡೆಗೂ ಸಹಾಯ ಮಾಡಬೇಕು ಅನ್ನೋದು ಮಂಡಳಿಯ ನಿಯಮ. ಮೇಡಂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಮ್ಯಾನೇಜರಿಗೆ, "ಅವರ ಕಡೆಯ ಪದ್ಧತಿ, ಮೂರು ಸಲ ಕೇಳಲೇಬೇಕು, ಮಧ್ಯದಲ್ಲಿ ನಿಲ್ಲಿಸಬೇಡಿ" ಅಂತ ಹೇಳಿಕೊಟ್ಟರು. ಆಮೇಲೆ ಅಪ್ಪನನ್ನು ಕೋಣೆಯಲ್ಲಿ ಕೂರಿಸಿಕೊಂಡು, "ಇಲ್ಲಿಯ ಪದ್ಧತಿ, ಮೊದಲ ಸಲವೇ ಹೂಂ ಅನ್ನಬೇಕು" ಅಂತ ಮಧ್ಯಾಹ್ನದವರೆಗೂ ಬಾಯಿಪಾಠ ಮಾಡಿಸಿದರು.

ಸಂಜೆ ಮನೆಗೆ ಫೋನು ಬಂತು. ಆಗ ಫೋನಿಗೂ ನೆಟ್ಟಿಗೂ ಒಂದೇ ಲೈನು, ನಾನು ಇಂಟರ್‌ನೆಟ್ಟಿಗೆ ಹಾಕಿದ್ದ ತಂತಿಯನ್ನು ಅಮ್ಮ ಬೇರು ಸಮೇತ ಕಿತ್ತಿದ್ದಕ್ಕೆ ಬಂತು. ಸ್ಪೀಕರ್ ಹಾಕಿದೆವು.

"ನಮ್ಮ ಕಂಪನಿಗೆ ಬರ್ತೀರಾ?" ಅಂದ ಮ್ಯಾನೇಜರು.

ಅಪ್ಪ ಅಮ್ಮನ ಕಣ್ಣು ನೋಡಿ, "ಯೆಸ್" ಅಂದರು.

ಆ ಕಡೆಯವನು ಬಿಡಲಿಲ್ಲ. "ದಯವಿಟ್ಟು ಬರ್ತೀರಾ?"

"ಯೆಸ್!"

"ನಿಜವಾಗಲೂ, ಬರಲೇಬೇಕು ಅಂತ ಕೇಳಿಕೊಳ್ತೀನಿ."

"ಯೆಸ್ ಸಾರ್, ಯೆಸ್!"

ಫೋನು ಕಟ್ಟಾಯಿತು. ನಾವು ಮೂವರೂ ಕುಣಿದೆವು. ಮಾರನೇ ದಿನ ಮೇಡಂ ಹೇಳಿದರು, ಮ್ಯಾನೇಜರು ತಕ್ಷಣ ಅವರಿಗೆ ಫೋನ್ ಮಾಡಿ ಗಾಬರಿಯಿಂದ ಕೇಳಿದನಂತೆ: "ಮೂರು ಸಲವೂ ಹೂಂ ಅಂದುಬಿಟ್ಟರು. ಅವರ ಕಡೆ ಹಾಗಂದರೆ ಬರಲ್ಲ ಅಂತಾನಾ?"

ನಕ್ಕಿರಾ? ಸಂತೋಷ. ಈ ಆರನೆಯದು ನಾನು ಕಟ್ಟಿದ್ದು. ಫೋನು ಬಂದದ್ದು ನಿಜ. ಆದರೆ ನಮ್ಮ ಫೋನಿಗೆ ಸ್ಪೀಕರ್ರೇ ಇಲ್ಲ. ಅಪ್ಪ ಅದನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಮ್ಮ ಮತ್ತು ನಾನು ಡಬ್ಬಗಳ ಮಧ್ಯೆ ನಿಂತಿದ್ದೆವು. ಹೊರಗೆ ಬಂದವರು ನಮ್ಮ ಮುಖ ನೋಡದೆ, "ಸೋಮವಾರಕ್ಕೆ ನೀಲಿ ಶರ್ಟು ಇಸ್ತ್ರಿ ಆಗಬೇಕು" ಅಂದರು. ಅಮ್ಮ ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟಳು. ಒಳಗೆ ಅವರು ಏನು ಹೇಳಿದರು, ಎಷ್ಟು ಸಲ ಹೇಳಿದರು, ಒಂದೂ ನನಗೆ ಗೊತ್ತಿಲ್ಲ. ನಡುವೆ ಒಂದು ಸಲ ಹೋಗಿ ಬಾಗಿಲಿಗೆ ಕಿವಿ ಇಟ್ಟಿದ್ದೆ, ಏನೂ ಕೇಳಿಸಲಿಲ್ಲ. ಅದಕ್ಕೇ ಕಟ್ಟಿದೆ.