ಮುದ್ದೆ ತಪ್ಪಲೆಗೊಂದು ವೆಲ್ಡಿಂಗ್

ಹೆಂಡತಿ ಊರಿಗೆ ಹೋದರೆ ಗಂಡನಿಗೆ ಹಬ್ಬ ಎನ್ನುವವರು ಖಂಡಿತ ಮುದ್ದೆ ಉಣ್ಣುವವರಲ್ಲ. ಮಗಳ ಮನೆಯಲ್ಲಿ ಬಾಣಂತನ ಮಾಡಲು ಹೆಂಗಸರಿಲ್ಲ, ಬೀಗಿತ್ತಿ ತೀರಿಕೊಂಡಿದ್ದಾರೆ. ಹಾಗಾಗಿ ನನ್ನಾಕೆಯೇ ಎರಡು ತಿಂಗಳಿಗೆಂದು ಹೊಸದುರ್ಗಕ್ಕೆ ಹೋದಳು. ಮೊದಲ ವಾರ ಹಿರಿಯೂರಿನ ಹೋಟೆಲುಗಳಲ್ಲಿ ದೋಸೆ ತಿಂದು ಮಹಾರಾಜನಂತಿದ್ದೆ. ಎರಡನೆಯ ವಾರ ಹೊಟ್ಟೆ ಮುದ್ದೆ ಕೇಳಿತು. ಎಸರಿಟ್ಟೆ, ಹಿಟ್ಟು ಬೇಯಿಸಿದೆ, ತಪ್ಪಲೆಯನ್ನು ನೆಲಕ್ಕಿಳಿಸಿ ಕೋಲು ಹಾಕಿ ತಿರುವಿದೆ. ಹಿಟ್ಟು ಅಲ್ಲಾಡಲಿಲ್ಲ, ತಪ್ಪಲೆಯೇ ಗಿರ್ರನೆ ತಿರುಗಿತು. ಒಂದು ಕೈಯಲ್ಲಿ ಹಿಡಿದರೆ ಇನ್ನೊಂದಕ್ಕೆ ಬಲ ಸಾಲದು. ಆ ರಾತ್ರಿ ಬರೀ ಗಂಟು ನುಂಗಿದೆ.

ಹೊಸದುರ್ಗಕ್ಕೇ ಹೋಗಿ ನಾಲ್ಕು ದಿನ ಇರಬಹುದಲ್ಲ ಎಂದು ನೀವು ಕೇಳಬಹುದು. ಬೀಗರ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಇದ್ದರೆ ಮರ್ಯಾದೆ ಹೋಗುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಅದಕ್ಕೇ ತಲೆ ಓಡಿಸಿ, ಒಂದು ಕಬ್ಬಿಣದ ಸ್ಟ್ಯಾಂಡಿಗೆ ಅಲ್ಯೂಮಿನಿಯಂ ತಪ್ಪಲೆಯನ್ನು ಬೆಸುಗೆ ಹಾಕಿಸಿಬಿಡೋಣ, ಸ್ಟ್ಯಾಂಡನ್ನು ಕಾಲಲ್ಲಿ ಒತ್ತಿಕೊಂಡು ತಿರುವೋಣ ಎಂದು ವೆಲ್ಡಿಂಗ್ ಅಂಗಡಿಯ ಬಾಷಾನ ಹತ್ತಿರ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಲೋಹಗಳ ಪಾಠದಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ನಾನೇ.

"ಕಬ್ಬಿಣಕ್ಕೆ ಕಬ್ಬಿಣ ಹತ್ತುತ್ತೆ ಸಾರ್. ಹಿತ್ತಾಳೆ ಕಡ್ಡಿ ಕರಗ್ಸಿ ಕಬ್ಬಿಣಕ್ಕೆ ತಾಮ್ರಾನೂ ಕೂಡಿಸ್ತೀನಿ. ಇದು ಮಾತ್ರ ಆಗಲ್ಲ. ಕಬ್ಬಿಣ ಕರಗೋ ಹೊತ್ತಿಗೆ ನಿಮ್ ತಪ್ಪಲೇನೇ ಇರಲ್ಲ. ತೂತು ಹೊಡ್ದು ರಿವಿಟ್ ಹಾಕ್ಬೋದು, ಎಸರೆಲ್ಲ ಸೋರ್ತೈತೆ" ಎಂದ. ಆಮೇಲೆ ಮೆಲ್ಲಗೆ, "ಅಮ್ಮಾರು ಹೆಂಗ್ ತಿರುವ್ತಿದ್ರು?" ಎಂದು ಕೇಳಿದ.

"ಹಿಡ್ಕಳ್ಳಾಕೆ ನಾನಿದ್ನಲ್ಲಪ್ಪ" ಎಂದೆ. ಮೂವತ್ತೈದು ವರ್ಷ ದಿನಾ ಸಂಜೆ, "ಬರ್ರಿ, ಹಿಡ್ಕಳ್ರಿ" ಎಂದು ಅವಳು ಕರೆದಾಗಲೆಲ್ಲ ಪೇಪರ್ ಓದಲು ಬಿಡುವುದಿಲ್ಲವೆಂದು ಗೊಣಗುತ್ತಾ ಎದುರು ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಹಬೆಯ ಆಚೆ ಅವಳ ಬೆವೆತ ಮುಖ, ಈಚೆ ನನ್ನದು. ಸಂಸಾರದ ಮಾತೆಲ್ಲ ನಡೆದದ್ದು ಅಲ್ಲೇ. ನನಗೆ ಬೇಕಿದ್ದದ್ದು ಮುದ್ದೆಯಲ್ಲ, ಆ ಮುಖ.

ಸಂಜೆ ಅವಳ ಫೋನ್ ಬಂತು. "ಏನ್ ಉಂಡ್ರಿ?"

"ಮುದ್ದೆ."

"ತಪ್ಪಲೆ ಯಾರು ಹಿಡ್ಕಂಡ್ರು?"

"ಕಬ್ಬಿಣದ ಸ್ಟ್ಯಾಂಡಿಗೆ ವೆಲ್ಡಿಂಗ್ ಮಾಡಿಸ್ದೆ."

"ಅಲ್ಯೂಮಿನಿಯಂ ತಪ್ಪಲೆ ಕಬ್ಬಿಣಕ್ಕೆ ಹತ್ತೈತೇನ್ರಿ? ಸುಳ್ಳನ್ನಾದ್ರೂ ನೆಟ್ಟಗೆ ಹೇಳ್ರಿ" ಎಂದಳು. ದನಿ ತಗ್ಗಿಸಿ, "ಇಲ್ಲಿ ನಂಗೂ ತಪ್ಪಲೆ ತಿರುಗ್ತೈತೆ. ಅಳಿಯಂದ್ರಿಗೆ, ಬೀಗ್ರಿಗೆ ಬಂದು ಹಿಡ್ಕಳ್ರಿ ಅನ್ನಾಕಾಗ್ತೈತಾ?" ಎಂದಳು.

ಮರುದಿನ ಮೊದಲ ಬಸ್ಸಿಗೇ ಹೊಸದುರ್ಗಕ್ಕೆ ಹೋದೆ. ಬೀಗರು ಬಾಗಿಲಲ್ಲೇ ನಕ್ಕು, "ಮೊಮ್ಮಗಳನ್ನ ಬಿಟ್ಟಿರಾಕೆ ಆಗ್ಲಿಲ್ಲ ಅನ್ರಿ" ಎಂದರು. ಹೌದೌದು ಎಂದು ತಲೆಯಾಡಿಸಿ, ತೊಟ್ಟಿಲನ್ನು ದಾಟಿಕೊಂಡು ನೇರ ಅಡುಗೆಮನೆಗೆ ನಡೆದೆ.