ಬಾವನವರ ಕಾಸು ಮುಟ್ಟದ ವ್ರತ

ಕೊಡಿಗೇಹಳ್ಳಿಯ ನಮ್ಮ ಬಾವನವರು ಸನ್ಯಾಸಿಗಳು! ಕಾವಿ ಉಟ್ಟಿಲ್ಲ ನಿಜ. ಬೆಳಿಗ್ಗೆ ಎರಡು ಸಲ ಕಾಫಿ ಬೇಕು, ಅಕ್ಕನೊಡನೆ ಸಂಸಾರವೂ ಸುಗಮ. ಆದರೂ ದುಡ್ಡು ಕೈಯಲ್ಲಿ ಮುಟ್ಟೆನೆಂದು ವ್ರತ ಹಿಡಿದವರನ್ನು ಇನ್ನೇನೆಂದು ಕರೆಯುವುದು? ಈಗ ಹೊಲಿಸುವ ಅಂಗಿಗಳಿಗೆ ಜೇಬೇ ಇಲ್ಲ. ಫೋನು ದಾರಕ್ಕೆ ಕಟ್ಟಿ ಕೊರಳಲ್ಲಿ.

"ನೋಟು ಎಷ್ಟು ಕೈ ದಾಟಿ ಬಂದಿರುತ್ತೋ! ಮುಟ್ಟಿದ್ರೆ ಸ್ನಾನ ಮಾಡ್ಬೇಕು ಕಣಯ್ಯ" ಎಂದು ನನಗೆ ಉಪದೇಶ.

ವ್ರತವೆಂದ ಮೇಲೆ ವಿಘ್ನ ಬೇಡವೇ? ಒಮ್ಮೆ ಅಟ್ಟೂರಿನಲ್ಲಿ ಎಳನೀರು ಕುಡಿದು ಫೋನು ಎತ್ತಿದರೆ ನೆಟ್‌ವರ್ಕ್ ಇಲ್ಲ. ಪರದೆಯ ಮೇಲೆ ತಿರುಗಿದಷ್ಟು ಚಕ್ರ ವಿಷ್ಣುವಿನ ಬೆರಳಲ್ಲೂ ತಿರುಗಿರಲಿಕ್ಕಿಲ್ಲ!

"ನಾಳೆ ಕೊಡ್ಲೇನಪ್ಪಾ?"

"ಕೊಡಿ ಯಜಮಾನ್ರೇ. ಅಲ್ಲೀವರ್ಗೂ ಇಲ್ಲೇ ಇರಿ!"

ಚಕ್ರ ನಿಲ್ಲುವವರೆಗೆ ಬಾವ ಅಲ್ಲೇ ಕೂತು ಗಿರಾಕಿಗಳಿಗೆ ಸ್ಟ್ರಾ ಹಂಚಿದರಂತೆ.

ಬಾಗಲಗುಂಟೆಯ ಮದುವೆಯಲ್ಲಿ ಇನ್ನೂ ಘನಕಾರ್ಯ. ನಮ್ಮ ಕಡೆಯ ವರನಿಗೆ ಹೆಣ್ಣಿನ ಕಡೆಯ ಹುಡುಗಿ ಆರತಿ ಎತ್ತಿದಳು. ತಟ್ಟೆಗೆ ಕಾಸು ಹಾಕಬೇಕಾದವರು ಬಾವ. "ಸ್ಕ್ಯಾನರ್ ಎಲ್ಲಮ್ಮಾ?" ಎಂದು ಬಗ್ಗಿದರು ನೋಡಿ, ದಾರ ಕಳಚಿ ಫೋನು ಕೆಂಪು ನೀರಿಗೆ ಬುಳುಕ್!

"ಇಷ್ಟು ಸಾಕು ಅಂಕಲ್!" ಎಂದು ಹುಡುಗಿ ತಟ್ಟೆಯೊಡನೆ ಹೊರಟೇಬಿಟ್ಟಳು. ಕಾಡಿ ಬೇಡಿ ಬಿಡಿಸಿಕೊಂಡು, ಅಕ್ಕಿಯಲ್ಲಿ ಹೂತಿಟ್ಟು, ಅದಕ್ಕೆ ಮರುಜನ್ಮ ಕೊಡಿಸಿದ್ದಾಯಿತು.

ಇದನ್ನೆಲ್ಲ ನಕ್ಕು ಮರೆಯಬಹುದು. ಆದರೆ ಆ ವ್ರತ ಅಕ್ಕನಿಗೂ ಕಡ್ಡಾಯವಾಗಿತ್ತಲ್ಲ! ಇಬ್ಬರಿಗೂ ಒಂದೇ ಖಾತೆ; ಅವಳು ಏನು ಕೊಂಡರೂ ಮೆಸೇಜು ಬರುವುದು ಬಾವನವರಿಗೆ.

"ಒಂದು ಮೊಳ ಮಲ್ಲಿಗೆ ತಗೊಂಡ್ರೂ ಇವರ ಎದೆ ಮೇಲೆ ಟಿಂಗ್ ಅನ್ನುತ್ತೆ ಕಣೋ" ಎಂದಳು ಒಂದು ದಿನ. "ಇವರೇನೂ ಬೈಯಲ್ಲ. ಆದ್ರೂ ಯಾರಿಗೂ ಹೇಳ್ದೆ ಖರ್ಚು ಮಾಡೋಕೆ ನಂದು ಅಂತ ನಾಲ್ಕು ಕಾಸು ಇರ್ಬೇಕಲ್ವೇನೋ?"

ಬಾವ ಹಜಾರದಲ್ಲೇ ಇದ್ದರು. ಪೇಪರಿನಿಂದ ತಲೆ ಎತ್ತಲಿಲ್ಲ.

ಮುಂದಿನ ವಾರ ಯಲಹಂಕದಲ್ಲಿ ಎಟಿಎಂ ಒಂದರ ಮುಂದೆ, ಸಾಲಿನಲ್ಲಿ, ಯಾರು ನಿಂತಿರಬೇಕು!

"ಏನ್ ಬಾವ, ಇಲ್ಲಿ?"

"ನೀನು ನನ್ನ ನೋಡಿಲ್ಲ ಕಣಯ್ಯ. ಹೋಗ್ತಾ ಇರು."

ಭಾನುವಾರ ಅವರ ಮನೆಯಲ್ಲಿ ಬಾವನೂ ನಾನೂ ಊಟಕ್ಕೆ ಕೂತಿದ್ದೆವು. ಅಡುಗೆಮನೆಯಿಂದ ಅಕ್ಕ ಕೂಗಿದಳು: "ರೀ, ಮೆಂತ್ಯದ ಡಬ್ಬೀಲಿ ದುಡ್ಡಿದೆಯಲ್ರೀ!"

"ನೀನೇ ಯಾವತ್ತೋ ಇಟ್ಟು ಮರೆತಿರ್ತೀಯ ಕಣೇ."

ಅಕ್ಕ ಹೊರಗೆ ಬಂದಳು. ಕೈಯಲ್ಲಿ ಗರಿಗರಿ ಹೊಸ ನೋಟುಗಳು. ಬಾವನನ್ನೇ ನೋಡಿದಳು. ಬಾವ ಹಪ್ಪಳ ಮುರಿಯುವುದರಲ್ಲಿ ಮಗ್ನ.

"ಹೌದು" ಎಂದಳು, ನೋಟುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ. "ನಾನೇ ಇಟ್ಟಿದ್ದೆ."

ಬಾವನ ಅನ್ನಕ್ಕೆ ಇನ್ನೊಂದು ಮಿಳ್ಳೆ ತುಪ್ಪ ಬಿತ್ತು.